ಹಳೆಯ ಲಾರಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಆಯಿಲ್ ಬದಲಿಸಿದರೆ ಕೆಡುತ್ತದೆಯೇ?

ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಲ್ಲಿ ಒಂದೇ ಲಾರಿಯನ್ನು ನಂಬಿ ಬದುಕುವ ಮಾಲೀಕರೊಬ್ಬರಿದ್ದಾರೆ ಎಂದುಕೊಳ್ಳೋಣ. ಸುಗ್ಗಿಯಲ್ಲಿ ಭತ್ತ, ಆಮೇಲೆ ಹತ್ತಿ, ನಡುವೆ ಸಿಕ್ಕ ಬಾಡಿಗೆ. ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ, ಆರು ಲಕ್ಷ ಕಿಲೋಮೀಟರ್ ಓಡಿದೆ, ಕ್ಲಚ್ ಪೆಡಲ್ ಇಲ್ಲದ ‘ಆಟೋಮ್ಯಾಟಿಕ್’. ಒಂದು ದಿನ ಲೋಡ್ ಹೇರಿಕೊಂಡು ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಸರಿಯುವುದಿಲ್ಲ. ಗ್ಯಾರೇಜಿನಲ್ಲಿ ಸಿಗುವ ಉತ್ತರ: “ಗೇರ್‌ಬಾಕ್ಸ್ ಹೋಗ್ಯದ್ರಿ. ಆಯಿಲ್ ಅಂತೂ ಮುಟ್ಟಬ್ಯಾಡ್ರಿ ಮತ್ತ. ಹೊಸಾ ಆಯಿಲ್ ಹಾಕಿದ್ರ ಇದ್ದದ್ದೂ ಹೋಗ್ತದ.”

ಈ ಮಾತನ್ನು ನಾವು ಹಲವು ಕಡೆ ಕೇಳುತ್ತೇವೆ, ಯೂಟ್ಯೂಬಿನಲ್ಲೂ ನೋಡುತ್ತೇವೆ. ನಂಬಿದರೆ ಕೈಯಿಂದ ಹೋಗುವುದು ಹಲವು ತಿಂಗಳ ಕಂತಿನ ಹಣ. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಗಾಡಿಯಲ್ಲಿರುವುದು ಯಾವ ಆಟೋಮ್ಯಾಟಿಕ್?

ಕ್ಲಚ್ ಪೆಡಲ್ ಇಲ್ಲದ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸ್. 2006ರಲ್ಲಿ ಬೆಂಗಳೂರಿನಲ್ಲಿ ಓಡಾಟ ಶುರುಮಾಡಿದ ವೋಲ್ವೋ ಸಿಟಿ ಬಸ್ಸು ಹತ್ತಿದವರಿಗೆ ಇದರ ನಯವಾದ ಓಟ ನೆನಪಿರಬಹುದು. ಇದರಲ್ಲಿ ಇಂಜಿನ್ನಿನ ಬಲ ಗೇರ್‌ಬಾಕ್ಸಿಗೆ ದಾಟುವುದು ಎಣ್ಣೆಯ ಮೂಲಕ. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಚಾಲೂ ಮಾಡಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಇನ್ನೊಂದು ಎಎಂಟಿ. ಇದು ಒಳಗೆ ಪೂರ್ತಿ ನಮ್ಮ ಹಳೆಯ ಕೈಗೇರಿನ ಡಬ್ಬಿಯೇ; ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಡ್ರೈವರ್ ಬದಲು ಕಂಪ್ಯೂಟರ್ ಮಾಡಿಸುತ್ತದೆ. ದೊಡ್ಡ ಲಾರಿಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಏರ್ ಟ್ಯಾಂಕಿನ ಗಾಳಿಯೇ ಬಲ. ನಮ್ಮ ದೇಶದ ಸರಕು ಲಾರಿಗಳಲ್ಲಿ ‘ಆಟೋಮ್ಯಾಟಿಕ್’ ಎಂದು ಮಾರುವುದು ಬಹುಪಾಲು ಈ ಎಎಂಟಿಯನ್ನೇ. ಅಮೆರಿಕದ ಪಿಕಪ್ ಗಾಡಿಗಳ ಬಗ್ಗೆ ಹೇಳಿದ ಸಲಹೆಯನ್ನು ಇದಕ್ಕೆ ಅಂಟಿಸಿದಾಗಲೇ ಅರ್ಧ ಗೊಂದಲ ಹುಟ್ಟುವುದು.

ರಂಗಂಪೇಟೆಯ ಆ ಲಾರಿ ಎಎಂಟಿಯಾಗಿದ್ದರೆ, ಇಂಜಿನ್ ಕೂಗಿಯೂ ಗಾಡಿ ಸರಿಯದಿರುವುದಕ್ಕೆ ಮೊದಲ ಅನುಮಾನ ಸವೆದ ಕ್ಲಚ್ ಪ್ಲೇಟಿನ ಮೇಲೆ. ಅಂದರೆ ಯಾವುದೇ ಸಾದಾ ಲಾರಿಗೆ ಬರುವ ಕಾಯಿಲೆ. ಗೇರ್‌ಬಾಕ್ಸನ್ನು ಇಳಿಸಬೇಕಾಗುತ್ತದೆ ನಿಜ, ಆದರೆ ಬದಲಿಸಬೇಕಾಗಿಲ್ಲ. ಹೊಸ ಪ್ಲೇಟ್ ಹಾಕಿದ ಮೇಲೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಇದನ್ನು ಬಿಟ್ಟರೆ ಗಾಡಿ ಜಗ್ಗುತ್ತಲೇ ಇರುತ್ತದೆ, ‘ಹೊಸ ಪ್ಲೇಟೂ ಸರಿಯಿಲ್ಲ’ ಎಂಬ ಮಾತು ಬರುತ್ತದೆ.

ಗೇರ್ ಬೀಳುತ್ತಲೇ ಇಲ್ಲ ಎಂದಾದರೆ ಡಬ್ಬಿ ಬಿಚ್ಚುವ ಮುಂಚೆ ನೋಡಬೇಕಾದದ್ದು ಗಾಳಿ ಮತ್ತು ಕರೆಂಟು. ರಾತ್ರಿ ನಿಲ್ಲಿಸಿದ ಗಾಡಿಯ ಟ್ಯಾಂಕು ಬೆಳಿಗ್ಗೆ ಖಾಲಿಯಾಗಿದ್ದರೆ ಎಲ್ಲೋ ಸೋರಿಕೆ ಇದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ತೋರಿಸುತ್ತದೆ. ಬ್ಯಾಟರಿ ಸೊರಗಿದರೆ ಕಂಪ್ಯೂಟರ್ ಗೇರ್ ಹಾಕಲು ನಿರಾಕರಿಸಬಹುದು. ಕನೆಕ್ಟರಿನೊಳಗೆ ನೀರು, ಇಲಿ ಕಡಿದ ವೈರು, ಕಬ್ಬಿಣದ ಪುಡಿ ಮೆತ್ತಿಕೊಂಡ ಸೆನ್ಸರ್ ಇವೆಲ್ಲ ‘ಗೇರ್‌ಬಾಕ್ಸ್ ಹೋಗ್ಯದ’ ಎಂಬಂತೆಯೇ ನಟಿಸುತ್ತವೆ. ಎಎಂಟಿಯಲ್ಲಿ ಇರುವುದು ಗೇರ್ ಆಯಿಲ್. ಕ್ಲಚ್ ಪ್ಲೇಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಆಯಿಲ್ ಬದಲಿಸಿದರೆ ಕೆಡುತ್ತದೆ ಎಂಬ ಭಯಕ್ಕೆ ಇಲ್ಲಿ ಜಾಗವೇ ಇಲ್ಲ.

ಟಾರ್ಕ್ ಕನ್ವರ್ಟರ್ ಗಾಡಿಯಾದರೆ ಕತೆ ಬೇರೆ. ಅದರೊಳಗಿನ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಅವನ್ನು ಒತ್ತಿ ಹಿಡಿಯುವುದು ಎಣ್ಣೆಯ ಒತ್ತಡ, ಶಾಖ ಹೊತ್ತೊಯ್ಯುವುದೂ ಎಣ್ಣೆಯೇ. ವರ್ಷಗಟ್ಟಲೆ ಬದಲಿಸದ ಎಣ್ಣೆ ಕಾದು ಕಾದು ಹಾಳಾಗುತ್ತದೆ, ವಾಲ್ವುಗಳ ಸಣ್ಣ ದಾರಿಗಳಲ್ಲಿ ಅಂಟು ಕೂರುತ್ತದೆ. ಒತ್ತಡ ಇಳಿದರೆ ಪ್ಲೇಟು ಜಾರುತ್ತದೆ, ಜಾರಿದರೆ ಇನ್ನಷ್ಟು ಶಾಖ. ಎಣ್ಣೆಯ ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಒಂದು ಒರಟು ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿ ಸೀಮೆಯಲ್ಲಿ, ಧೂಳು ತುಂಬಿದ ಕೂಲರ್ ಇಟ್ಟುಕೊಂಡು ಹೆಚ್ಚು ಲೋಡ್ ಎಳೆದರೆ ಈ ಲೆಕ್ಕ ಬೇಗ ಮುಗಿಯುತ್ತದೆ.

ಹಾಗಾದರೆ ಆಯಿಲ್ ಬದಲಿಸಿದ ಮೇಲೆ ಗಾಡಿ ನಿಂತ ಉದಾಹರಣೆಗಳು ಸುಳ್ಳೇ? ಸುಳ್ಳಲ್ಲ. ಬಹಳಷ್ಟು ಜನ ಆಯಿಲ್ ನೆನೆಸಿಕೊಳ್ಳುವುದೇ ಗಾಡಿ ಜಾರತೊಡಗಿದ ಮೇಲೆ. ಅಷ್ಟರಲ್ಲಿ ಪ್ಲೇಟು ಸುಟ್ಟಿರುತ್ತದೆ. ಹೊಸ ಆಯಿಲ್ ಹಾಕಿದ ವಾರಕ್ಕೆ ಗಾಡಿ ನಿಂತರೆ ತಪ್ಪು ಆಯಿಲ್ ಮೇಲೆ ಬೀಳುತ್ತದೆ. ಸಾಯುವ ಹೊತ್ತಿಗೆ ಆಸ್ಪತ್ರೆಗೆ ಒಯ್ದು, ಡಾಕ್ಟರೇ ಕೊಂದರು ಎಂದ ಹಾಗೆ. ಆದರೂ ಭಯದಲ್ಲಿ ಒಂದು ಎಳೆ ಸತ್ಯವಿದೆ: ಮಷೀನಿನಿಂದ ಒತ್ತಡ ಕೊಟ್ಟು ಪೂರ್ತಿ ತೊಳೆದರೆ, ಕೂತಿದ್ದ ಕೊಳೆ ಎದ್ದು ವಾಲ್ವಿಗೆ ಸಿಕ್ಕಿಕೊಳ್ಳಬಹುದು. ಹೊಂದದ ದರ್ಜೆಯ ಆಯಿಲ್ ಹಾಕಿದರೂ ಪ್ಲೇಟಿನ ಹಿಡಿತ ಕೆಡುತ್ತದೆ.

ಆದ್ದರಿಂದ ಹಳೆಯ ಗಾಡಿಗೆ ನಾವು ಒಪ್ಪುವುದು ನಿಧಾನದ ದಾರಿ. ಕೆಳಗಿನ ನಟ್ ಬಿಚ್ಚಿ ಇಳಿದಷ್ಟನ್ನು ಇಳಿಸುವುದು, ಫಿಲ್ಟರ್ ಬದಲಿಸುವುದು, ಕಂಪನಿ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್ಲನ್ನೇ ತುಂಬುವುದು. ಕನ್ವರ್ಟರಿನಲ್ಲಿ ಸಾಕಷ್ಟು ಹಳೆಯ ಎಣ್ಣೆ ಉಳಿದೇ ಇರುತ್ತದೆ. ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಹೀಗೇ ಮಾಡಬೇಕು. ಮಟ್ಟ ನೋಡುವ ಕ್ರಮವೂ ಇಂಜಿನ್ ಆಯಿಲ್ಲಿನದಲ್ಲ: ಬಹುತೇಕ ಗಾಡಿಗಳಲ್ಲಿ ಎಣ್ಣೆ ಬಿಸಿಯಾದ ಮೇಲೆ, ಇಂಜಿನ್ ಓಡುತ್ತಿರುವಾಗಲೇ, ಸಮನೆಲದಲ್ಲಿ, ನ್ಯೂಟ್ರಲ್‌ನಲ್ಲಿಟ್ಟು ನೋಡಬೇಕು. ಹ್ಯಾಂಡ್‌ಬ್ರೇಕ್ ಎಳೆದು ಗಾಲಿಗೆ ಅಡ್ಡ ಕಲ್ಲಿಡುವುದನ್ನು ಮಾತ್ರ ಮರೆಯುವಂತಿಲ್ಲ. ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಹೆಚ್ಚಾದರೂ ನೊರೆ ಏಳುತ್ತದೆ. ಎರಡರಿಂದಲೂ ಗೇರ್ ಜಾರುತ್ತದೆ. ಲೀಟರು ಆಯಿಲ್ಲಿನಲ್ಲಿ ಮುಗಿಯುವ ಕೆಲಸಕ್ಕೆ ಇಡೀ ಗೇರ್‌ಬಾಕ್ಸ್ ಬದಲಾಗುವುದು ಇಲ್ಲೇ.

ಇಳಿಸಿದ ಎಣ್ಣೆಯನ್ನು ಚೆಲ್ಲುವ ಮುಂಚೆ ನೋಡಿ. ಕಂದು ಬಣ್ಣವಷ್ಟೇ ಆದರೆ ಗಾಬರಿ ಬೇಡ. ಕಪ್ಪಾಗಿ, ಸುಟ್ಟ ವಾಸನೆ ಬಂದು, ತಳದಲ್ಲಿ ಪ್ಲೇಟಿನ ಚೂರು ಸಿಕ್ಕರೆ ಹೊಸ ಆಯಿಲ್ ಅದನ್ನು ಉಳಿಸುವುದೂ ಇಲ್ಲ, ಕೊಲ್ಲುವುದೂ ಇಲ್ಲ; ಬಿಚ್ಚಿ ಪ್ಲೇಟುಗಳನ್ನೇ ಬದಲಿಸಬೇಕು. ಗುಲಾಬಿ ಹಾಲಿನಂತೆ ಕಂಡರೆ ರೇಡಿಯೇಟರಿನ ನೀರು ಒಳಗೆ ಸೇರಿದೆ. ಪ್ಲೇಟಿನ ಅಂಟು ನೀರಿಗೆ ಬಿಟ್ಟುಕೊಳ್ಳುವುದರಿಂದ ಅಂಥ ಗಾಡಿಯನ್ನು ಮನೆ ತನಕವೂ ಓಡಿಸುವ ಹಾಗಿಲ್ಲ, ಎಳೆಸಿಕೊಂಡೇ ಹೋಗಬೇಕು.

ಇನ್ನೊಂದು ಮಾತು, ಎರಡೂ ಬಗೆಗೆ ಸೇರಿದ್ದು. ಬಾಡಿಗೋ ಚಾಸಿಗೋ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ವೈರನ್ನೂ ಗೇರ್‌ಬಾಕ್ಸ್ ಕಂಪ್ಯೂಟರಿನ ಕನೆಕ್ಟರನ್ನೂ ಬಿಡಿಸಿರಬೇಕು. ನಿನ್ನೆ ವೆಲ್ಡಿಂಗ್ ಆಗಿ ಇಂದು ಗೇರ್ ಬೀಳದಿದ್ದರೆ, ಮಿಸ್ತ್ರಿಗೆ ಮೊದಲು ಹೇಳಬೇಕಾದ ವಿಷಯ ಅದೇ.