ಬರೆದ ಪುಟವನ್ನು ಓದಿ ತಿದ್ದಿಸುವವರು ಬೇಕು: ನಾಲ್ಕು ತಾಲೂಕುಗಳ ಸ್ನಾತಕೋತ್ತರ ವಿದ್ಯಾರ್ಥಿಗಳ ಮನವಿ ಪತ್ರ

ಗೆ,
ಮಾನ್ಯ ಕುಲಪತಿಗಳು ಹಾಗೂ ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು,
ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬೆಳಗಾವಿ.

ಇಂದ,
ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಸ್ನಾತಕೋತ್ತರ ಹಾಗೂ ಸಂಶೋಧನ ವಿದ್ಯಾರ್ಥಿಗಳು.

ವಿಷಯ: ಇಂಗ್ಲಿಷಿನಲ್ಲಿ ಶೈಕ್ಷಣಿಕ ಬರವಣಿಗೆ ಮತ್ತು ಪ್ರಬಂಧ ಮಂಡನೆಯ ತರಬೇತಿಯನ್ನು ನಮ್ಮ ತಾಲೂಕುಗಳಲ್ಲಿಯೇ ಒದಗಿಸುವ ಕುರಿತು.

ಮಾನ್ಯರೇ,

ಕೆಳಗೆ ಸಹಿ ಮಾಡಿದ ನಾವು ಎಂ.ಎ., ಎಂ.ಕಾಂ., ಎಂ.ಎಸ್ಸಿ. ಓದುತ್ತಿರುವವರು, ಕೆಲವರು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದವರು. ನಮ್ಮಲ್ಲಿ ಬಹುಪಾಲು ಜನ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಪದವಿಯ ಇಂಗ್ಲಿಷನ್ನು ಗೈಡು ಹಿಡಿದು ಪಾಸು ಮಾಡಿದವರು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇವೆ. 1982ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 2010ರಲ್ಲಿ ಅದೇ ಚನ್ನಮ್ಮನ ಹೆಸರಿನ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಧಾರವಾಡದ ರೂಮು ಬಾಡಿಗೆ ಕಟ್ಟಲಾಗದ ಮನೆಗಳ ಮಕ್ಕಳೂ ಅದರಿಂದ ಎಂ.ಎ. ಮೆಟ್ಟಿಲು ಹತ್ತಿದರು. ಸೀಟು ಸಿಕ್ಕಿದೆ, ವಿಷಯವೂ ಸಿಕ್ಕಿದೆ. ತೊಡಕಿರುವುದು ಬರೆಯಲು ಕೂತಾಗ.

ನಮ್ಮಲ್ಲೊಬ್ಬಳ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ರಾಮದುರ್ಗದ ನಲವತ್ತು ನೇಕಾರ ಮನೆಗಳ ಬಗ್ಗೆ ಸಂಶೋಧನೆ ಮಾಡಿದವಳು. ಸ್ವತಃ ನೇಕಾರರ ಮನೆಯ ಮಗಳು. ಲಾಳಿಯ ಸದ್ದು ಕೇಳಿಯೇ ಎಳೆ ಎಲ್ಲಿ ಹರಿದಿದೆ ಎಂದು ಹೇಳಬಲ್ಲಳು. ಬೇರೊಂದು ಊರಿನ ವಿಚಾರ ಸಂಕಿರಣಕ್ಕೆ ಹತ್ತು ನಿಮಿಷದ ಪ್ರಬಂಧ ಒಯ್ದಿದ್ದಳು, ಜೊತೆಗೆ ಇಪ್ಪತ್ತೆರಡು ಸ್ಲೈಡು. ಒಂದೊಂದು ಸ್ಲೈಡಿನಲ್ಲೂ ಹನ್ನೆರಡು ಸಾಲು. ಸಭೆಗೆ ಬೆನ್ನು ಮಾಡಿ, ಪರದೆಯ ಮೇಲಿದ್ದುದನ್ನೇ ಉಸಿರು ಬಿಡದೆ ಓದಿದಳು. ಒಂಬತ್ತನೆಯ ಸ್ಲೈಡಿಗೆ ಗಂಟೆ ಬಾರಿಸಿದರು. ಕೊನೆಗೆ ಯಾರೋ ಒಬ್ಬರು, ಈ ನಲವತ್ತು ಮನೆಗಳನ್ನು ಹೇಗೆ ಆರಿಸಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆ ನಲವತ್ತು ಮನೆಗಳ ಹೊಸ್ತಿಲು ತುಳಿದವಳು ಅವಳೊಬ್ಬಳೇ. 'ಥ್ಯಾಂಕ್ ಯೂ ಸರ್' ಎಂದು ಹೇಳಿ ಬಂದು ಕೂತಳು. ಬಸ್ಸಿನಲ್ಲಿ ಬರುವಾಗ ಹೇಳಿದ್ದು ಇಷ್ಟೇ: 'ಉತ್ತರ ಗೊತ್ತಿತ್ತು, ಬಾಯಾಗ ಬರಲಿಲ್ಲ.'

ಇವಳಿಗೆ ವ್ಯಾಕರಣ ಬರುವುದಿಲ್ಲವೆಂದಲ್ಲ. ಟೆನ್ಸು, ವಾಯ್ಸು ಎಲ್ಲವನ್ನೂ ನಾವು ಪರೀಕ್ಷೆಗಾಗಿ ಉರು ಹೊಡೆದಿದ್ದೇವೆ. ಆದರೆ ನಾವಾಗಿಯೇ ಬರೆದ ಒಂದು ಪುಟ ಇಂಗ್ಲಿಷನ್ನು ಯಾರಾದರೂ ಪಕ್ಕದಲ್ಲಿ ಕೂತು ಓದಿ, ಈ ಸಾಲು ಯಾಕೆ ನಿಲ್ಲುವುದಿಲ್ಲ ಎಂದು ತೋರಿಸಿದ್ದು ನಮ್ಮಲ್ಲಿ ಬಹಳ ಜನಕ್ಕೆ ನೆನಪಿಲ್ಲ. ಈ ಪತ್ರ ಬರೆಯುವ ಮೊದಲು ನಾವು ನಮ್ಮನಮ್ಮ ಬರಹಗಳನ್ನು ಅದಲುಬದಲು ಮಾಡಿಕೊಂಡು ಓದಿದೆವು. ತಪ್ಪುಗಳಿಗೂ ಒಂದು ದಾರಿಯಿದೆ ಎಂಬುದು ಆಗ ಕಂಡಿತು.

ಸವದತ್ತಿಯ ಎಲ್ಲಮ್ಮನ ಗುಡ್ಡದ ಬಗ್ಗೆ ಸಂಶೋಧನೆ ಮಾಡುತ್ತಿರುವ ಗೆಳೆಯನ ಟಿಪ್ಪಣಿಯಲ್ಲಿ ಹೀಗೊಂದು ವಾಕ್ಯವಿತ್ತು: ಭಕ್ತರು ಜೋಗುಳಬಾವಿಯಲ್ಲಿ ಮಿಂದು, ಗುಡ್ಡ ಹತ್ತಿ, ಉಡಿ ತುಂಬಿ, ಪಡ್ಡಲಗಿ ತುಂಬಿಸಿ, ಊರಿಗೆ ಮರಳುತ್ತಾರೆ. ಕನ್ನಡದಲ್ಲಿ ಇದು ಒಂದೇ ಉಸಿರಿನ ವಾಕ್ಯ. ಕ್ರಿಯಾಪದ ಕೊನೆಗೆ ಬಂದು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಇಂಗ್ಲಿಷಿಗೆ ಹೋದಾಗ ಅದು ನಾಲ್ಕು 'ಅಂಡ್'ಗಳ ಮೆರವಣಿಗೆಯಾಗಿತ್ತು. 'ಎ', 'ದಿ' ಎಂಬ ಎರಡು ತುಣುಕುಗಳ ಗೋಳು ಬೇರೆ. ನಮ್ಮ ನುಡಿಯಲ್ಲಿ ಅವು ಇಲ್ಲ, ಆದ್ದರಿಂದ ಉಪ್ಪು ಉದುರಿಸಿದ ಹಾಗೆ ಅಂದಾಜಿನಲ್ಲಿ ಹಾಕುತ್ತೇವೆ. ಉಡಿ ತುಂಬುವುದನ್ನು ಅವನು 'ಫಿಲ್ಲಿಂಗ್ ದಿ ಲ್ಯಾಪ್' ಎಂದಿದ್ದ. ಅದಕ್ಕೆ ನಕ್ಕೆವು. ನಗಲಾಗದ ತಪ್ಪು ಮುಂದಿನ ಪ್ಯಾರಾದಲ್ಲಿತ್ತು. ಜೋಗತಿ ಎಂದು ಇರಬೇಕಾದ ಕಡೆಯೆಲ್ಲ 'ದೇವದಾಸಿ' ಎಂದು ಬರೆದಿದ್ದ, ಇಂಗ್ಲಿಷ್ ಓದುಗರಿಗೆ ಆ ಮಾತು ಪರಿಚಿತವೆಂದು. ದೇವದಾಸಿಯಾಗಿ ಅರ್ಪಿಸುವುದನ್ನು ಕರ್ನಾಟಕದ ಕಾಯ್ದೆ 1982ರಲ್ಲೇ ಅಪರಾಧವೆಂದು ಸಾರಿತು. ಹಾಗಿರುವಾಗ ಜೋಗತಿಯ ಬದಲು ದೇವದಾಸಿ ಎಂಬ ಮಾತು ಬಳಸಿದರೆ ಮುತ್ತು ಕಟ್ಟಿಸಿಕೊಂಡು ಅರ್ಪಿತಳಾಗದ, ಬರೀ ಹಾಡಿಕೊಂಡು ತಿರುಗುವ ಹೆಂಗಸಿನ ಮೇಲೂ ಕಾನೂನಿನ ನೆರಳು ಬೀಳುತ್ತದೆ. ಇಂಥ ತಪ್ಪನ್ನು ಯಾವ ಗ್ರಾಮರ್ ಪುಸ್ತಕವೂ ಹಿಡಿಯುವುದಿಲ್ಲ. ವಿಷಯ ಬಲ್ಲವರೊಬ್ಬರು ಪುಟ ಓದಿದರೆ ಮಾತ್ರ ಸಿಕ್ಕುತ್ತದೆ.

ಹುಡುಕಾಟವೂ ಬರವಣಿಗೆಯ ಭಾಗವೇ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ 'ಬೈಲಹೊಂಗಲ ತಾಲೂಕು' ಎಂದು ಹುಡುಕಿದರೆ ಏನೂ ಸಿಗದು, ಯಾಕೆಂದರೆ ಬ್ರಿಟಿಷರ ಕಾಲದಲ್ಲಿ ಅದು ಸಂಪಗಾವಿ ತಾಲೂಕು. ಸವದತ್ತಿ ಪರಸಗಡ ತಾಲೂಕಾಗಿತ್ತು. 1884ರ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ ಬೆಳಗಾವಿ ಸಂಪುಟದಲ್ಲಿ ಬೈಲಹೊಂಗಲ, ಸವದತ್ತಿ ಕಡೆಯ ಊರುಗಳು ಇವೆ, ಆದರೆ ಈ ಹೆಸರುಗಳ ಕೆಳಗೆ. ಇದು ನಮಗೆ ಗೊತ್ತಾದದ್ದು ಅಕಸ್ಮಾತ್ತಾಗಿ. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿ 'ಈ ವಿಷಯದ ಬಗ್ಗೆ ಹಿಂದಿನ ಬರಹಗಳು ಇಲ್ಲ' ಎಂದು ಬರೆದು ಅಧ್ಯಾಯ ಒಪ್ಪಿಸಿಯೂ ಆಗಿತ್ತು.

ಇನ್ನು ನಕಲಿನ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಶೇಕಡ 10ಕ್ಕಿಂತ ಹೆಚ್ಚಿನ ಹೋಲಿಕೆಯನ್ನು ಒಪ್ಪುವುದಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ನಿಯಮ ಸರಿಯಾಗಿದೆ, ಅದನ್ನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. ಆದರೆ ಕದ್ದವರೆಲ್ಲ ಕಳ್ಳತನ ಮಾಡಬೇಕೆಂದೇ ಕದ್ದವರಲ್ಲ. ತನ್ನ ಮಾತಿನಲ್ಲಿ ಹೇಳಲು ಬಾರದವನು ಮಹಾಪ್ರಬಂಧಗಳ ಜಾಲತಾಣ ಶೋಧಗಂಗಾದಿಂದ ಒಂದು ಸಾಲು ಎತ್ತಿಕೊಂಡು, ನಾಲ್ಕು ಪದ ಬದಲಿಸಿ, ತೇಪೆ ಹಾಕುತ್ತಾನೆ. ಅದೂ ಆಗದವರು ಡಿಟಿಪಿ ಅಂಗಡಿಗೆ ಹೋಗುತ್ತಾರೆ. ಪುಟಕ್ಕಿಷ್ಟು ಎಂದು ದರ ಹೇಳಿ 'ಇಂಗ್ಲಿಷ್ ಸರಿ ಮಾಡಿಕೊಡುವ' ಜನ ಅಲ್ಲಿದ್ದಾರೆ. ಈಗ ಚಾಟ್‌ಜಿಪಿಟಿ ಬಂದಿದೆ. ಕನ್ನಡದಲ್ಲಿ ಹಾಕಿದರೆ ನುಣುಪಾದ ಇಂಗ್ಲಿಷ್ ಕೊಡುತ್ತದೆ, ನಾವೇನು ಬಳಸಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ವೈವಾದಲ್ಲಿ ಆ ನುಣುಪು ನಮ್ಮ ನೆರವಿಗೆ ಬರುವುದಿಲ್ಲ. ತಾನೇ ಬರೆದದ್ದೆಂದು ಒಪ್ಪಿಸಿದ ಪದದ ಅರ್ಥ ಕೇಳಿದಾಗ ತಲೆ ತಗ್ಗಿಸಿದವರು ಈ ಸಹಿಗಳ ನಡುವೆ ಇದ್ದಾರೆ.

'ಕನ್ನಡದಲ್ಲೇ ಬರೆಯಿರಲ್ಲ' ಎಂದು ಕೆಲವು ಹಿರಿಯರು ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮಲ್ಲಿ ಕೆಲವರು ಕನ್ನಡದಲ್ಲೇ ಬರೆಯುತ್ತಿದ್ದಾರೆ, ಬರೆಯುತ್ತಾರೆ ಕೂಡ. ಸವದತ್ತಿಯ ಗುರ್ಲಹೊಸೂರಿನಲ್ಲಿ 1896ರಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರು ಶಾಲಾ ಮಾಸ್ತರರಾಗಿದ್ದುಕೊಂಡು ಕನ್ನಡದಲ್ಲಿ ಎಂಥ ಸಂಶೋಧನೆ ಮಾಡಿದರೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಸವದತ್ತಿಯ ರಟ್ಟ ಅರಸರ ಶಾಸನಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಓದಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಜಗತ್ತು ಇವತ್ತಿಗೂ ಉಲ್ಲೇಖಿಸುವುದು ಫ್ಲೀಟನನ್ನು. ಶಂಬಾ ಅವರನ್ನು ಕನ್ನಡ, ಮರಾಠಿ ಬಲ್ಲವರಷ್ಟೇ ಓದುತ್ತಾರೆ. ನಮ್ಮ ಅಂಗಳದ ಕಲ್ಲಿನ ಬಗ್ಗೆ ಹೊರಗಿನವರು ಬರೆದದ್ದೇ ಕೊನೆಯ ಮಾತಾಗುವುದು ನಮಗೆ ಒಪ್ಪಿಗೆಯಿಲ್ಲ. ಕನ್ನಡ ಬಿಟ್ಟು ಇಂಗ್ಲಿಷ್ ಕೊಡಿ ಎಂದು ನಾವು ಕೇಳುತ್ತಿಲ್ಲ. ಕನ್ನಡದಲ್ಲಿ ಯೋಚಿಸಿದ್ದನ್ನು ಇಂಗ್ಲಿಷಿನಲ್ಲಿ ಕೆಡಿಸದೆ ದಾಟಿಸುವ ಕಸುಬು ಕಲಿಸಿ ಎನ್ನುತ್ತಿದ್ದೇವೆ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಮೊದಲನೆಯದು ಮತ್ತು ಮುಖ್ಯವಾದದ್ದು, ನಮ್ಮ ತಾಲೂಕುಗಳಲ್ಲಿಯೇ ಎರಡು ಬರವಣಿಗೆ ಕೇಂದ್ರಗಳು: ಕಿತ್ತೂರಿನವರಿಗೂ ಹತ್ತಿರವಾಗುವಂತೆ ಬೈಲಹೊಂಗಲದಲ್ಲಿ ಒಂದು, ಸವದತ್ತಿ ಮತ್ತು ರಾಮದುರ್ಗಗಳಲ್ಲಿ ವಾರ ಬಿಟ್ಟು ವಾರ ನಡೆಯುವ ಇನ್ನೊಂದು. ಹೊಸ ಕಟ್ಟಡ ಬೇಡ, ಫಲಕವೂ ಬೇಡ. ಸರಕಾರಿ ಪ್ರಥಮ ದರ್ಜೆ ಕಾಲೇಜಿನ ಒಂದು ಕೋಣೆ, ಒಂದು ಮೇಜು, ಶನಿವಾರ ಮಧ್ಯಾಹ್ನ ಮೂರು ತಾಸು. ವಿದ್ಯಾರ್ಥಿ ಎರಡು ಪುಟ ತರಬೇಕು, ಕೂತವರು ಅದನ್ನು ಅವನೆದುರೇ ಓದಬೇಕು, ಅವನೇ ತಿದ್ದಬೇಕು. ರಾಮದುರ್ಗದಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು; ಬಸ್ಸು ಬದಲಿಸಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಹೋಗಿ ಒಂದು ತಾಸು ಪಾಠ ಕೇಳಿ ವಾಪಸಾಗುವಷ್ಟರಲ್ಲಿ ದಿನವೇ ಹೋಗುತ್ತದೆ. ಹೆಣ್ಣುಮಕ್ಕಳಿಗೆ ಸಂಜೆಯ ಕೊನೆಯ ಬಸ್ಸಿನ ಚಿಂತೆ ಬೇರೆ.

ಇದಕ್ಕೆ ಜನ ಎಲ್ಲಿಂದ ಎಂದು ತಾವು ಕೇಳಬಹುದು. ಆಯೋಗದ 2022ರ ಪಿಎಚ್.ಡಿ. ನಿಯಮಾವಳಿಯಲ್ಲಿಯೇ ಉತ್ತರವಿದೆ. ಎಲ್ಲ ಸಂಶೋಧನಾರ್ಥಿಗಳೂ ತಮ್ಮ ವಿಷಯಕ್ಕೆ ಸಂಬಂಧಿಸಿದ ಬೋಧನೆ, ಬರವಣಿಗೆಗಳಲ್ಲಿ ತರಬೇತಿ ಪಡೆಯಬೇಕೆಂದು ಅದು ಹೇಳುತ್ತದೆ; ವಾರಕ್ಕೆ 4ರಿಂದ 6 ತಾಸು ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸವನ್ನು ಅವರಿಗೆ ವಹಿಸಲು ಅವಕಾಶ ಕೊಡುತ್ತದೆ. ಇಂಗ್ಲಿಷ್ ವಿಭಾಗದ ಸಂಶೋಧನಾರ್ಥಿಗಳು ಈ ತಾಸುಗಳನ್ನು ನಮ್ಮ ಕೇಂದ್ರಗಳಲ್ಲಿ ಕಳೆಯಲಿ. ಅವರ ಜೊತೆಗೆ ಆಯಾ ವಿಷಯದ ಒಬ್ಬ ಅಧ್ಯಾಪಕರು ಇರಲಿ, ಜೋಗತಿ, ದೇವದಾಸಿಯಂಥ ತಪ್ಪು ಹಿಡಿಯಲು. ಬಸ್ಸಿನ ಖರ್ಚು ಮತ್ತು ಗೌರವಧನವನ್ನು ವಿಶ್ವವಿದ್ಯಾಲಯ ಭರಿಸಬೇಕು. ಬಿಟ್ಟಿ ದುಡಿಮೆಯ ಮೇಲೆ ನಿಲ್ಲಿಸಿದ ಯೋಜನೆ ಎರಡನೆಯ ತಿಂಗಳಿಗೇ ಬಾಗಿಲು ಹಾಕುತ್ತದೆ.

ಎರಡನೆಯದಾಗಿ, ಸ್ನಾತಕೋತ್ತರ ಕೊನೆಯ ವರ್ಷದ ಕಿರುಪ್ರಬಂಧಕ್ಕೆ ಕರಡು ಕಡ್ಡಾಯವಾಗಲಿ. ಈಗ ನಾವು ಕೊನೆಯ ವಾರ ಬೈಂಡಿಂಗ್ ಮಾಡಿಸಿ ಒಪ್ಪಿಸಿ ಕೈತೊಳೆದುಕೊಳ್ಳುತ್ತೇವೆ. ಮೊದಲ ಕರಡಿಗೂ, ತಿದ್ದಿದ ಕರಡಿಗೂ ಪ್ರತ್ಯೇಕ ಆಂತರಿಕ ಅಂಕ ಇಟ್ಟರೆ ತಿದ್ದುವುದು ಶಿಕ್ಷೆಯಾಗದೆ ಪಾಠವಾಗುತ್ತದೆ. ಪಿಎಚ್.ಡಿ. ಕೋರ್ಸ್‌ವರ್ಕಿನ ಕನಿಷ್ಠ 12 ಕ್ರೆಡಿಟ್‌ಗಳಲ್ಲಿ ಎರಡನ್ನಾದರೂ ಬರೆದು ತೋರಿಸುವ ಪತ್ರಿಕೆಗೆ ಮೀಸಲಿಡಬೇಕು, ಥಿಯರಿ ಪರೀಕ್ಷೆಗಲ್ಲ. 2022ರ ನಿಯಮಾವಳಿ ಪ್ರಬಂಧ ಪ್ರಕಟಣೆಯನ್ನು ಕಡ್ಡಾಯ ಪಟ್ಟಿಯಿಂದ ತೆಗೆದಿದೆ, ನಿಜ. ಆದರೆ ಅಧ್ಯಾಪಕರ ನೇಮಕಾತಿಗೆ ಅದೇ ಆಯೋಗದ 2018ರ ಅಂಕಪಟ್ಟಿ ಪ್ರಕಟಿತ ಲೇಖನಕ್ಕೆ ಅಂಕ ಕೊಡುತ್ತದೆ. ಆಯೋಗ ಮಾನ್ಯ ಮಾಡುತ್ತಿದ್ದ ಪತ್ರಿಕೆಗಳ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ ಮೇಲಂತೂ ಒಳ್ಳೆಯ ಪತ್ರಿಕೆ ಯಾವುದು, ದುಡ್ಡು ಕೀಳುವ ಪತ್ರಿಕೆ ಯಾವುದು ಎಂದು ಗುರುತಿಸುವ ಹೊಣೆ ನಮ್ಮ ಹೆಗಲಿಗೇ ಬಂದಿದೆ.

ಮಂಡನೆಯ ಅಭ್ಯಾಸ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ನಡೆಯಬೇಕೆಂಬುದು ನಮ್ಮ ಮೂರನೆಯ ಬೇಡಿಕೆ. ಎಂಟು ನಿಮಿಷ ಮಾತು, ಏಳು ನಿಮಿಷ ಪ್ರಶ್ನೆ. ಸ್ಲೈಡು ಆರಕ್ಕಿಂತ ಹೆಚ್ಚಿರಬಾರದು. ಪ್ರಶ್ನೆ ಕೇಳುವುದೇ ಇದರ ಜೀವ. ಓದುವುದನ್ನು ಯಾರು ಬೇಕಾದರೂ ಓದುತ್ತಾರೆ.

ಇದಲ್ಲದೆ ಒಂದು ಕೈಪಿಡಿ ಬೇಕು, ಕನ್ನಡದಲ್ಲಿ ಬರೆದದ್ದು. ಕನ್ನಡ ಬಲ್ಲವನು ಇಂಗ್ಲಿಷ್ ಬರೆಯುವಾಗ ಎಲ್ಲಿ ಎಡವುತ್ತಾನೆ, ಉಡಿ, ಪಡ್ಡಲಗಿ, ಹರಕೆಯಂಥ ಮಾತುಗಳನ್ನು ಹಾಗೆಯೇ ಉಳಿಸಿ ವಿವರಿಸುವುದು ಹೇಗೆ, ಊರುಗಳ ಹಳೆಯ ಮತ್ತು ಹೊಸ ಹೆಸರುಗಳು ಯಾವುವು ಎಂಬುದೆಲ್ಲ ಅದರಲ್ಲಿರಲಿ. ಕನ್ನಡದ ಮಹಾಪ್ರಬಂಧಗಳಿಗೆ ಇಂಗ್ಲಿಷ್ ಸಾರಲೇಖ ಬರೆಯುವ ಬಗೆಗೆ ಒಂದು ಅಧ್ಯಾಯವಿರಲಿ. ಅಂತರ್ಜಾಲದಲ್ಲಿ ವೀಡಿಯೊ ಪಾಠಗಳು ಬೇಕಾದಷ್ಟಿವೆ, ನೋಡಿದ್ದೇವೆ. ವೀಡಿಯೊ ನಮ್ಮ ಪುಟವನ್ನು ಓದುವುದಿಲ್ಲ.

ಕೊನೆಯದಾಗಿ ಒಂದು ಬೇಡದ ಬೇಡಿಕೆ: ದಯವಿಟ್ಟು ಇನ್ನೊಂದು ಏಕದಿನ ಕಾರ್ಯಾಗಾರ ಮಾಡಬೇಡಿ. ದೀಪ, ಹಾರ, ಶಾಲು, ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತದೆ; ಮಧ್ಯಾಹ್ನ ಸಂಪನ್ಮೂಲ ವ್ಯಕ್ತಿಗೆ ರೈಲಿನ ಹೊತ್ತಾಗುತ್ತದೆ. ನಮ್ಮ ಫೈಲುಗಳಲ್ಲಿ ಸರ್ಟಿಫಿಕೇಟುಗಳಿಗೆ ಬರವಿಲ್ಲ.

ಈ ವಿಶ್ವವಿದ್ಯಾಲಯ ಯಾರ ಹೆಸರು ಹೊತ್ತಿದೆಯೋ ಆ ಕಿತ್ತೂರಿನ ರಾಣಿಯೂ ಕತ್ತಿ ಹಿಡಿಯುವ ಮೊದಲು ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆದಿದ್ದಳು. ಆ ಮನವಿಯನ್ನು ಅವರು ತಳ್ಳಿಹಾಕಿದರು. ನಮ್ಮದು ಅಷ್ಟು ದೊಡ್ಡ ಮನವಿಯಲ್ಲ. ಎರಡು ಕೇಂದ್ರ, ಶನಿವಾರದ ಮೂರು ತಾಸು. ಇದನ್ನು ವಿದ್ಯಾವಿಷಯಕ ಪರಿಷತ್ತಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಬರುವ ಸೆಮಿಸ್ಟರಿನಿಂದಲೇ ಬೈಲಹೊಂಗಲದಲ್ಲಿ ಪ್ರಾಯೋಗಿಕವಾಗಿ ಆರಂಭಿಸಬೇಕೆಂದೂ, ಪರಿಷತ್ತು ಕೈಗೊಂಡ ನಿರ್ಧಾರವನ್ನು ನಮಗೆ ಲಿಖಿತವಾಗಿ, ಕನ್ನಡದಲ್ಲಿಯೇ ತಿಳಿಸಬೇಕೆಂದೂ ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ನಾಲ್ಕು ತಾಲೂಕುಗಳ ಸ್ನಾತಕೋತ್ತರ ಹಾಗೂ ಸಂಶೋಧನ ವಿದ್ಯಾರ್ಥಿಗಳು
(ಸಹಿಗಳ ಹಾಳೆಗಳನ್ನು ಲಗತ್ತಿಸಿದೆ)