ಮುತ್ಯಾನ ವಾಚಿಗೆ ಹೊಸ ಬಣ್ಣ ಬೇಕಿರಲಿಲ್ಲ

ಹಳೇ ವಾಚು ಕೂಡಿಡುವ ಹುಚ್ಚು ನನಗೆ ಹತ್ತಿದ್ದು ಒಂದು ತಪ್ಪಿನಿಂದ. ಕಮಲಾಪುರದ ನಮ್ಮ ಮನೆಯ ಟ್ರಂಕಿನಲ್ಲಿ ಮುತ್ಯಾನ ಎಚ್‌ಎಂಟಿ ಜನತಾ ವಾಚು ಇತ್ತು. ಮದುವೆಯಲ್ಲಿ ಮಾವನ ಮನೆಯವರು ಕೊಟ್ಟಿದ್ದು. ಬಿಳಿ ಡಯಲ್ಲು ಬೆಣ್ಣೆ ಬಣ್ಣಕ್ಕೆ ತಿರುಗಿತ್ತು, ಆರರ ಅಂಕಿಯ ಹತ್ತಿರ ಒಂದು ಕಂದು ಕಲೆ. ಮುತ್ಯಾನಿಗೆ ಖುಷಿಯಾಗಲಿ ಅಂತ ಬಸ್ಸು ಹತ್ತಿ ಕಲಬುರಗಿಗೆ ಒಯ್ದೆ. ‘ಹೊಸದರಂಗ ಮಾಡಿ ಕೊಡ್ತೀನಿ’ ಎಂದರು ರಿಪೇರಿಯವರು. ನಾನೂ ತಲೆಯಾಡಿಸಿದೆ.

ವಾರದ ನಂತರ ಕೈಗೆ ಬಂದದ್ದು ಫಳಫಳ ಹೊಳೆಯುವ ನೀಲಿ ಡಯಲಿನ ವಾಚು. ಮುತ್ಯಾ ಕನ್ನಡಕ ಏರಿಸಿ ನೋಡಿ, ‘ಚಂದ ಅದ. ಯಾರದಪಾ ಇದು?’ ಎಂದ.

ಹಳೇ ಡಯಲ್ ವಾಪಸ್ ಕೇಳಲು ಓಡಿದೆ. ಕೊಡಲು ಏನೂ ಉಳಿದಿರಲಿಲ್ಲ. ಅದನ್ನೇ ಕೆರೆದು ಮೇಲೆ ಬಣ್ಣ ಹೊಡೆದಿದ್ದರು.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರು ಮಾಡಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಇನ್ನು ಹೊಸ ಹಳೇ ಜನತಾ ಎಲ್ಲಿಂದ ಬರಬೇಕು? ಆದರೂ ಆನ್‌ಲೈನಿನಲ್ಲಿ ಕೇಸರಿ, ಹಸಿರು, ಗುಲಾಬಿ ಡಯಲಿನ ಜನತಾಗಳು ‘ವಿಂಟೇಜ್’ ಹೆಸರಿನಲ್ಲಿ ಮಾರಾಟವಾಗುತ್ತಲೇ ಇವೆ. ಬಲ್ಲವರು ಇವನ್ನು ‘ಮುಂಬೈ ಸ್ಪೆಷಲ್’ ಎಂದು ನಗುತ್ತಾರೆ. ಗಾಜಿನ ಮೇಲೆ ಲೆನ್ಸ್ ಹಿಡಿದರೆ ದಪ್ಪ ಅಕ್ಷರ, ಸೊಟ್ಟ ಗೆರೆ, ಬೇರೆ ಮಾಡೆಲ್ಲಿನ ಮುಳ್ಳುಗಳು ಕಾಣುತ್ತವೆ.

ಜನತಾ ಅಪರೂಪದ ವಾಚೇನಲ್ಲ, ಊರಿಗೆ ಹತ್ತು ಮನೆಯಲ್ಲಿ ಸಿಕ್ಕೀತು. ಯಾರೂ ಕೈ ಹಚ್ಚದ ಜನತಾ ಅಪರೂಪ. ಗಾಜು, ಬೆಲ್ಟು, ಸ್ಪ್ರಿಂಗು ಸವೆಯುವ ಸಾಮಾನು, ಬದಲಿಸಿದರೆ ತಪ್ಪಿಲ್ಲ. ಎಣ್ಣೆ ಬಿಟ್ಟು ಸರ್ವಿಸ್ ಮಾಡಿಸಲೇಬೇಕು. ಡಯಲ್ ಮಾತ್ರ ಮುಟ್ಟಬಾರದು. ಕೇಸಿನ ಅಂಚು ಸವೆಯುವ ಹಾಗೆ ಪಾಲಿಶ್ ಕೂಡ ಬೇಡ. ರಿಪೇರಿಯವರನ್ನು ದೂರುವುದೂ ಸರಿಯಲ್ಲ, ಹೊಳಪು ಕೇಳುವವರು ನಾವೇ. ಮೊಬೈಲಿಗೆ ವರ್ಷಕ್ಕೊಂದು ಕವರ್ ಬದಲಿಸುವ ಅಭ್ಯಾಸ ನಮ್ಮದು.

ಹೋದ ತಿಂಗಳು ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಎಚ್‌ಎಂಟಿ ಪೈಲಟ್ ಕೊಟ್ಟರು. ಕಪ್ಪು ಡಯಲಿನ ಮೇಲೆ ಅಲ್ಲಲ್ಲಿ ಚುಕ್ಕಿ. ಅಂಗಡಿಯಲ್ಲಿ ‘ಡಯಲ್ ಮಾಡಲೇನು?’ ಎಂದು ಕೇಳುವ ಮೊದಲೇ, ‘ಎಣ್ಣೆ ಅಷ್ಟೇ ಸಾಕ್ರಿ’ ಎಂದೆ.

ಮುತ್ಯಾ ದಿನಾ ಬೆಳಿಗ್ಗೆ ನೀಲಿ ವಾಚಿಗೆ ಚಾವಿ ಕೊಡುತ್ತಾನೆ. ಕೈಗೆ ಮಾತ್ರ ಕಟ್ಟಿಕೊಳ್ಳುವುದಿಲ್ಲ.