ಸೋತವರು ಮೂರ್ಖರಲ್ಲ

ಚುನಾವಣೆಯಲ್ಲಿ ಸೋಲುವುದು ಅವಮಾನವಲ್ಲ. ಸೋತವರಿಗೆ ಮತ ಹಾಕಿದವರನ್ನೆಲ್ಲ ಬುದ್ಧಿಗೇಡಿಗಳೆಂದು ಬಗೆಯುವುದು ಮಾತ್ರ ಅವಮಾನ. 2023ರ ಮೇ 13ರಂದು ವಿಧಾನಸಭೆಯ ಮತ ಎಣಿಕೆ ಮುಗಿದು ಭಾರತೀಯ ಜನತಾ ಪಕ್ಷ 66 ಸ್ಥಾನಕ್ಕೆ ಇಳಿದಾಗ ಬೆಂಗಳೂರು, ದಿಲ್ಲಿಯ ಪಂಡಿತರು ಹಾಡಿದ್ದು ಒಂದೇ ಪಲ್ಲವಿ: ಕರ್ನಾಟಕದ ಜನ ಸಂಪ್ರದಾಯವಾದವನ್ನು ತಿರಸ್ಕರಿಸಿದರು. ನಾನು ಯಾವ ಪಕ್ಷದ ಸದಸ್ಯಳೂ ಅಲ್ಲ. ದೇವರು, ಮನೆತನ, ಹಿರಿಯರ ಮಾತು, ಕಾಯಿದೆ ಇವುಗಳಿಗೆ ಬೆಲೆ ಕೊಡುವ ಹೆಂಗಸು. ಸಂಪ್ರದಾಯಸ್ಥೆ ಎಂದು ಕರೆದರೆ ನನಗೆ ಬೇಸರವಿಲ್ಲ. ಆದರೆ ತಿರಸ್ಕಾರವೆಂಬ ಆ ಮಾತು ಸುಳ್ಳು.

ಲೆಕ್ಕ ನೋಡಿರಿ. 2018ರಲ್ಲಿ ಆ ಪಕ್ಷಕ್ಕೆ 104 ಸ್ಥಾನ ಬಂದಾಗ ಸಿಕ್ಕ ಮತ ಶೇಕಡಾ 36ರ ಆಸುಪಾಸು. 66ಕ್ಕೆ ಇಳಿದಾಗಲೂ ಸಿಕ್ಕದ್ದು ಅಷ್ಟೇ. ಸ್ಥಾನ ಹೋದವು, ಮತ ಹೋಗಲಿಲ್ಲ. ಮತ ಹಾಕಿದ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ನಿಂತಲ್ಲೇ ನಿಂತಿದ್ದರು. ಇದನ್ನು ತಿರಸ್ಕಾರವೆಂದು ಕರೆಯಲು ಯಾವ ಗಣಿತ ಬೇಕು?

ನಮ್ಮ ಮೂರು ತಾಲೂಕುಗಳನ್ನೇ ತೆಗೆದುಕೊಳ್ಳಿ. ಆಳಂದದಲ್ಲಿ 2018ರಲ್ಲಿ ಸುಭಾಷ ಗುತ್ತೇದಾರರು ಗೆದ್ದದ್ದು 697 ಮತಗಳಿಂದ. 2023ರಲ್ಲಿ ಬಿ.ಆರ್. ಪಾಟೀಲರೆದುರು ಹತ್ತು ಸಾವಿರ ಚಿಲ್ಲರೆ ಮತಗಳಿಂದ ಸೋತರು. ಹಾಗೆ ಸೋತಾಗಲೂ ಅವರಿಗೆ ಬಿದ್ದ ಮತಗಳು ಗೆದ್ದ ಸಲಕ್ಕಿಂತ ಹೆಚ್ಚೇ ಇದ್ದವು. ಅಫಜಲಪುರದಲ್ಲಿ ಮಾಲೀಕಯ್ಯ ಗುತ್ತೇದಾರರು ಪಕ್ಷದಿಂದ ನಿಂತರೆ, ಅವರ ತಮ್ಮ ನಿತಿನ್ ಪಕ್ಷೇತರನಾಗಿ ಎದುರು ನಿಂತರು. ಗೆದ್ದದ್ದು ಕಾಂಗ್ರೆಸ್ಸಿನ ಎಂ.ವೈ. ಪಾಟೀಲರು. ಅಣ್ಣತಮ್ಮಂದಿರ ಮತ ಕೂಡಿಸಿದರೆ ಗೆದ್ದವರ ಮತಕ್ಕಿಂತ ಎಷ್ಟೋ ಹೆಚ್ಚು. ಜೇವರ್ಗಿಯಲ್ಲಿ, 2008ರಲ್ಲಿ ಧರ್ಮಸಿಂಗರಂಥವರನ್ನೇ ಸೋಲಿಸಿದ್ದ ದೊಡ್ಡಪ್ಪಗೌಡ ಪಾಟೀಲ ನರಿಬೋಳರು ಟಿಕೆಟ್ ಸಿಗದೆ ಜನತಾದಳಕ್ಕೆ ಹೋದರು. ಧರ್ಮಸಿಂಗರ ಮಗ ಅಜಯಸಿಂಗರು ಗೆದ್ದರು. ಇದು ಮನೆ ಒಡೆದ ಕಥೆಯೇ ಹೊರತು ವಿಚಾರ ಸೋತ ಕಥೆಯಲ್ಲ. ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತಿದ್ದ ಈ ಸಂಗತಿ ಟಿವಿಯಲ್ಲಿ ಕೂತವರಿಗೆ ಏಕೆ ಹೊಳೆಯಲಿಲ್ಲ?

ಏಕೆಂದರೆ ಅವರು ಇತ್ತ ಬರುವುದು ಜಗಳವಾದಾಗ. 2022ರ ಶಿವರಾತ್ರಿಯಲ್ಲಿ ಆಳಂದದ ಲಾಡ್ಲೆ ಮಶಾಕ್ ದರ್ಗಾದ ಆವರಣದ ಶಿವಲಿಂಗದ ಪೂಜೆಗಾಗಿ ಗದ್ದಲವಾದಾಗ ಕ್ಯಾಮರಾಗಳು ಓಡಿ ಬಂದವು. 2025ರಲ್ಲಿ ಹೈಕೋರ್ಟಿನ ಅನುಮತಿಯಂತೆ 15 ಮಂದಿ ಹೋಗಿ ಪೂಜೆ ಸಲ್ಲಿಸಿ ಬಂದದ್ದಕ್ಕೆ ಅಷ್ಟು ಸದ್ದಿಲ್ಲ. ಗಾಣಗಾಪುರದಲ್ಲಿ ಮಧುಕರಿ ಬೇಡುವವರು, ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ದಾಸೋಹವನ್ನು ನೆನೆದು ಉಣ್ಣುವವರು, ಅದೇ ದರ್ಗಾಕ್ಕೆ ಸಕ್ಕರೆ ಒಯ್ಯುವವರು ನಮ್ಮಲ್ಲಿ ಒಂದೇ ಮನೆಯಲ್ಲಿ ಇರುತ್ತಾರೆ. ಇವರೂ ಸಂಪ್ರದಾಯಸ್ಥರೇ. ಇವರನ್ನು ಮತಾಂಧರೆಂದು ಒಂದೇ ಗೋಣಿಯಲ್ಲಿ ತುಂಬುವ ಪತ್ರಿಕೆಯವರು ನಿಷ್ಪಕ್ಷಪಾತಿಗಳೆಂದು ನಾನು ಒಪ್ಪಲಾರೆ.

ಇನ್ನು ನಮ್ಮವರ ಕಡೆಗೂ ನಾಲ್ಕು ಮಾತು. ಪತ್ರಿಕೆಗಳು ಪಕ್ಷಪಾತಿಗಳೆಂಬುದು ನಿಜ. ಪತ್ರಿಕೆಗಳಿಂದಲೇ ಸೋತೆವೆಂಬುದು ನಿಜವಲ್ಲ. ಅಫಜಲಪುರದ ಅಣ್ಣತಮ್ಮಂದಿರನ್ನು ಎದುರುಬದುರು ನಿಲ್ಲಿಸಿದ್ದು ಯಾವ ಸಂಪಾದಕ? ನರಿಬೋಳರಿಗೆ ಟಿಕೆಟ್ ತಪ್ಪಿಸಿದ್ದು ಯಾವ ವರದಿಗಾರ? ಕುಣಿಯಲಾರದವಳು ನೆಲ ಡೊಂಕೆಂದಳಂತೆ. ದೂರುವ ಚಾಳಿ ಹತ್ತಿದರೆ ಮುಂದಿನ ಸಲವೂ ಕುಣಿತ ಬರುವುದಿಲ್ಲ.

ಆಳಂದದ ಮತದಾರರ ಪಟ್ಟಿಯ ವಿಷಯದಲ್ಲಂತೂ ನಮ್ಮವರ ಮೌನ ನನಗೆ ಸಹಿಸದು. 2023ರ ಚುನಾವಣೆಗೆ ಮುಂಚೆ 6,018 ಹೆಸರುಗಳನ್ನು ಅಳಿಸಬೇಕೆಂದು ಆನ್‌ಲೈನಿನಲ್ಲಿ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದ ಹೆಸರುಗಳು ಉಳಿದುಕೊಂಡವು, ಪೊಲೀಸರಿಗೆ ದೂರು ಹೋಯಿತು, 2025ರಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ತಂಡ ರಚಿಸಿತು. ಇದನ್ನು ಮೊದಲು ಬೆಳಕಿಗೆ ತಂದದ್ದು ಯಾವ ಚಾನೆಲ್ಲೂ ಅಲ್ಲ. ತನ್ನ ಬಂಧುವಿನ ಹೆಸರಿಗೇ ಅಂಥ ಅರ್ಜಿ ಬಂದದ್ದನ್ನು ಕಂಡು ಸಂಶಯಪಟ್ಟ ಒಬ್ಬ ಮತಗಟ್ಟೆ ಮಟ್ಟದ ಅಧಿಕಾರಿ. ತಪ್ಪು ಯಾರದೆಂದು ನ್ಯಾಯಾಲಯ ಹೇಳಲಿ. ಆದರೆ ಇದು ವಿರೋಧಿಗಳ ಪ್ರಚಾರವೆಂದು ತಳ್ಳಿಹಾಕುವವರು ಸಂಪ್ರದಾಯಸ್ಥರಲ್ಲ. ಹಿರಿಯರು ಕಟ್ಟಿದ ಸಂಸ್ಥೆಗಳನ್ನು ಕಾಯುವುದೇ ಸಂಪ್ರದಾಯ. ಮತದಾರರ ಪಟ್ಟಿ ಅಂಥದ್ದರಲ್ಲಿ ಮೊದಲನೆಯದು.

ಅಮೆರಿಕದಲ್ಲಿ 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಟ್ರಂಪ್ ಸೋತರು. ಅವರಿಗೂ 7 ಕೋಟಿ 40 ಲಕ್ಷ ಮತ ಬಿದ್ದಿದ್ದವು. ಅಷ್ಟು ಜನರನ್ನು ಮೂಢರೆಂದು ಹಳಿದದ್ದು ಅಲ್ಲಿನ ಪತ್ರಿಕೆಗಳ ಸೊಕ್ಕು. ಆದರೆ ಕೋರ್ಟುಗಳು ಒಪ್ಪದಿದ್ದರೂ ಸೋಲನ್ನು ಒಪ್ಪದೆ 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದ್ದು ಸಂಪ್ರದಾಯದ ಕೊಲೆ. 2024ರಲ್ಲಿ ಟ್ರಂಪ್ ಮತ್ತೆ ಗೆದ್ದರಲ್ಲ, ಆ ಗೆಲುವು ಬಂದದ್ದು ಮತಪೆಟ್ಟಿಗೆಯಿಂದ, ಮುರಿದ ಕಿಟಕಿಯಿಂದಲ್ಲ.

ಪತ್ರಿಕೆಯವರಿಗೆ ನನ್ನ ಮಾತು ಇಷ್ಟೇ: ನಮ್ಮ ಬಗ್ಗೆ ಬರೆಯುವ ಮುಂಚೆ ಭೀಮೆಯ ದಂಡೆಗೆ ಬಂದು ನಾಲ್ಕು ದಿನ ಇರಿ, ತೊಗರಿಯ ದರವನ್ನಾದರೂ ಕೇಳಿ ಹೋಗಿರಿ. ನಮ್ಮವರಿಗೆ ಹೇಳುವುದೂ ಇಷ್ಟೇ: ಒಳಜಗಳ ಬಿಡಿ, ಯೋಗ್ಯರನ್ನು ನಿಲ್ಲಿಸಿ, ಪಟ್ಟಿಯಲ್ಲಿ ಎದುರಾಳಿಯ ಮತದಾರನ ಹೆಸರು ಅಳಿಯುತ್ತಿದ್ದರೂ ಮೊದಲು ಕೂಗುವವರು ನೀವಾಗಿರಿ. ಆಮೇಲೆ ಟಿವಿಯವರನ್ನು ಬೈಯುವುದಿದ್ದರೆ ನಾನೂ ನಿಮ್ಮ ಜೊತೆ ಬೈಯುತ್ತೇನೆ.